ತೂತಿನ ಮಿಷನ್ನು ಮತ್ತು ನಿಂಗಪ್ಪನ ಅಂಗೈ

ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಮಾಟ, ದೃಷ್ಟಿ, ಶಕುನ ಇವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಹಾಗೆನ್ನುವುದು ಕೂಡ ಮೆತ್ತಗಿನ ಮಾತು. ನಂಬುವವರನ್ನು ಕಂಡರೆ ನನಗೆ ತಾತ್ಸಾರವಿತ್ತು. ನನ್ನ ಸೋದರಮಾವ ಒಮ್ಮೆ ಬೆಕ್ಕು ಅಡ್ಡ ಬಂತೆಂದು ಮನೆಗೆ ಹಿಂದಿರುಗಿ, ನೀರು ಕುಡಿದು, ಮತ್ತೆ ಹೊರಟು ರೈಲು ತಪ್ಪಿಸಿಕೊಂಡ. ಆಗ ನನಗೆ ಹದಿನೈದು ವರ್ಷ. ಅದನ್ನು ದಿನಚರಿಯಲ್ಲಿ ಬರೆದು, ಕೆಳಗೆ "ಬೆಕ್ಕು ಮಾತ್ರ ಹೊತ್ತಿಗೆ ಸರಿಯಾಗಿ ತನ್ನ ಕೆಲಸಕ್ಕೆ ಹೋಯಿತು" ಎಂದು ಷರಾ ಹಾಕಿದ್ದೆ. ಆ ತಾತ್ಸಾರ ಈಗಲೂ ಹೋಗಿಲ್ಲ. ಆದರೆ ಒಂದು ಬೆಳಗಿನ ಮಟ್ಟಿಗೆ ಅದನ್ನು ಎಲ್ಲಿ ಇಡಬೇಕೋ ತಿಳಿಯದೆ ಆರು ವರ್ಷಗಳಿಂದ ಕೈಯಲ್ಲಿ ಹಿಡಿದುಕೊಂಡೇ ಇದ್ದೇನೆ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಆಗ ನನಗೆ ಇಪ್ಪತ್ತಮೂರು. ದಾವಣಗೆರೆಯಲ್ಲಿ ಒಂದು ಕೋಣೆ ಹಿಡಿದುಕೊಂಡು, ದಿನಾ ಬೆಳಗಿನ ರೈಲಿನಲ್ಲಿ ಹರಿಹರಕ್ಕೆ ಹೋಗಿ, ಗುತ್ತೂರಿನ ಮಗ್ಗುಲಿಗಿದ್ದ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತನಾಗಿದ್ದೆ. ಕಾರ್ಖಾನೆಯ ಹೆಸರು ಇಲ್ಲಿ ಬೇಡ. ದಿನಚರಿ ನನಗೆ ಹೈಸ್ಕೂಲಿನಿಂದ ಅಂಟಿದ ಚಟ. ರೈಲು ಎಷ್ಟು ನಿಮಿಷ ತಡ, ಎಷ್ಟು ದಿನ ಮಳೆ, ಮೆಸ್ಸಿನ ಸಾರಿನಲ್ಲಿ ವಾರಕ್ಕೆ ಎಷ್ಟು ಸಲ ಬೇಳೆ ಕಾಣಿಸಿತು, ಎಲ್ಲಕ್ಕೂ ಗೀಟು ಹಾಕಿ ಇಡುತ್ತಿದ್ದೆ. ನಾಲ್ಕು ಉದ್ದ ಗೀಟು, ಐದನೆಯದು ಅಡ್ಡ. ಜನ ಬಾಯಿಗೆ ಬಂದದ್ದು ಹೇಳುತ್ತಾರೆ, ಗೀಟು ಹೇಳುವುದಿಲ್ಲ ಎಂದು ನನ್ನ ಗರ್ವ.

ಆ ವರ್ಷ ಶ್ರಾವಣದಲ್ಲಿ ಕಾರ್ಖಾನೆಗೆ ಒಂದು ಯಂತ್ರ ಬಂತು. ನಮ್ಮ ಮೇಲಧಿಕಾರಿ ಕುಲಕರ್ಣಿ ಸಾಹೇಬರು ಅದನ್ನು ಕಂಪ್ಯೂಟರ್ ಎಂದು ಕರೆದರು. ಆ ಶಬ್ದವನ್ನು ಅವರು ಹೇಳುವಾಗ ಟೈ ಸರಿಮಾಡಿಕೊಳ್ಳುತ್ತಿದ್ದರು. ಎರಡು ಬೀರು ಜೋಡಿಸಿಟ್ಟಷ್ಟು ದೊಡ್ಡದು. ಒಳಗೆ ರೇಡಿಯೋದಲ್ಲಿರುವಂಥ ಗಾಜಿನ ವಾಲ್ವುಗಳು ಸಾಲುಸಾಲಾಗಿ. ಉಗ್ರಾಣದಿಂದ ಹೊರಗೆ ಹೋದ ಒಂದೊಂದು ಸಾಮಾನಿಗೂ ಒಂದೊಂದು ರಟ್ಟಿನ ಕಾರ್ಡು. ಕಾರ್ಡಿನ ಮೇಲೆ ತೂತುಗಳು. ಯಂತ್ರ ಆ ತೂತುಗಳನ್ನು ಓದಿ, ಯಾವ ಸಾಮಾನು ಎಷ್ಟು ಉಳಿದಿದೆ ಎಂದು ಉದ್ದನೆಯ ಕಾಗದದಲ್ಲಿ ಅಚ್ಚು ಹಾಕಿ ಕೊಡಬೇಕು. ಕೆಲಸಗಾರರು ಅದಕ್ಕೆ ತೂತಿನ ಮಿಷನ್ನು ಎಂದು ಹೆಸರಿಟ್ಟರು. ಅದು ಕೂರುವ ಕೋಣೆಗೆ ಹೊಸ ಸುಣ್ಣ, ಕಿಟಕಿಗೆ ಪರದೆ, ಮೇಲೆ ಎರಡು ಫ್ಯಾನು ಬಂದವು. ಉಗ್ರಾಣದ ಹತ್ತೊಂಬತ್ತು ಮಂದಿ ಕುಡಿಯುವ ನೀರಿನ ಹೂಜಿ ಮಾತ್ರ ಬಾಯಿ ಒಡೆದದ್ದೇ ಇತ್ತು.

ಜೋಡಣೆ ಮುಗಿಯುವ ಹೊತ್ತಿಗೆ ದಸರಾ ಬಂತು. ಕಂಪ್ಯೂಟರ್ ಎಂದು ಟೈ ಸರಿಮಾಡಿಕೊಳ್ಳುತ್ತಿದ್ದ ಸಾಹೇಬರೇ ಆಯುಧಪೂಜೆಯ ದಿನ ಟೈ ಬಿಚ್ಚಿ, ಪಂಚೆ ಉಟ್ಟು, ಯಂತ್ರದ ನೆತ್ತಿಯ ಮೇಲೆ ನಿಂಬೆಹಣ್ಣಿಟ್ಟು, ಜಾಲರಿಯ ಮೇಲೆ ಹಿಡಿಹಿಡಿ ಕುಂಕುಮ ಹಾಕಿದರು. ನಾನು ಅದನ್ನೂ ಬರೆದಿಟ್ಟೆ. ನಗು ತಡೆದುಕೊಂಡೆ, ಏಕೆಂದರೆ ಪ್ರಸಾದ ಹಂಚುತ್ತಿದ್ದವರೂ ಅವರೇ.

ನವೆಂಬರಿನಿಂದ ದಿನದ ಕೆಲಸ ಶುರುವಾಯಿತು. ಬೆಳಿಗ್ಗೆ ದೊಡ್ಡ ಸ್ವಿಚ್ಚು ಹಾಕಿ, ವಾಲ್ವು ಕಾಯುವವರೆಗೆ ನಿಂತು, ಆಮೇಲೆ ಕಪ್ಪು ಗುಂಡಿ ಒತ್ತಬೇಕು. ಸರಿಯಿದ್ದರೆ ಒಳಗೆ ಟಕಟಕ ಎಂದು ಹಸಿರು ದೀಪ ಹತ್ತಿ ಮೋಟಾರು ತಿರುಗುತ್ತದೆ. ಸರಿಯಿಲ್ಲದಿದ್ದರೆ ಒಂದು ಸಲ ಗಕ್ಕೆಂದು ಕೆಂಪು ದೀಪ ಹತ್ತಿ ಎಲ್ಲ ನಿಂತುಹೋಗುತ್ತದೆ. ಹಸಿರು ಹತ್ತಿದರೆ ಮಿಷನ್ನು ಎದ್ದಿತು, ಕೆಂಪು ಹತ್ತಿದರೆ ಏಳಲಿಲ್ಲ. ಇದು ನಮ್ಮ ಉಗ್ರಾಣದ ಮಾತು.

ಕೋಣೆ ಗುಡಿಸಿ, ಧೂಳು ಒರೆಸಿ, ಬೆಳಿಗ್ಗೆ ಸ್ವಿಚ್ಚು ಹಾಕಲು ಒಬ್ಬ ಆಳನ್ನು ಕೊಟ್ಟರು. ಗುತ್ತೂರಿನ ನಿಂಗಪ್ಪ. ಐವತ್ತು ದಾಟಿದ ಒಣಕಲು ಮನುಷ್ಯ. ಕಾರ್ಖಾನೆಯ ಈ ಭಾಗ ನಿಂತದ್ದು ಅವನ ಹೊಲದ ಮೇಲೆ. ಅದಕ್ಕೆ ಬದಲಾಗಿ ಸಿಕ್ಕಿದ್ದು ಈ ಕೆಲಸ, ಅದೂ ಇನ್ನೂ ಟೆಂಪ್ರವರಿ. ಅವನು ಬಾಗಿಲಾಚೆ ಚಪ್ಪಲಿ ಬಿಟ್ಟು ಒಳಗೆ ಬಂದು, ದೊಡ್ಡ ಸ್ವಿಚ್ಚು ಹಾಕಿ, ಯಂತ್ರದ ಎಡಮಗ್ಗುಲಿಗೆ ಬಲ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ "ಏಳವ್ವಾ, ಹೊತ್ತೇರ್ತು" ಎಂದು ಮೆಲ್ಲಗೆ ಹೇಳಿ ಗುಂಡಿ ಒತ್ತುತ್ತಿದ್ದ.

ಮೊದಲ ದಿನ ಇದನ್ನು ಕಂಡು ನಾನು ಬಾಯಿ ಬಿಟ್ಟು ನಕ್ಕೆ.

"ನಿಂಗಪ್ಪ, ಯಾರನ್ನ ಎಬ್ಬಸಾಕತ್ತಿ?"

"ಇಕಿನ್ನ."

"ಅದು ಕಬ್ಬಿಣ ಕಣಪ್ಪ. ನಿಮ್ಮನಿ ಆಕಳಲ್ಲ."

ಅವನು ಕೈ ತೆಗೆಯದೆಯೇ ನನ್ನ ಕಡೆ ತಿರುಗಿದ. "ಈದ ಆಕಳು ಸುಸ್ತಾಗಿ ಮಲಗಿದ್ರೆ ಒದ್ದು ಎಬ್ಬಿಸ್ತಾರೇನ್ರಿ? ಟೊಂಕದ ಮ್ಯಾಲೆ ಅಂಗೈ ಇಟ್ಟು ಕಾಯ್ತಾರೆ. ಅದು ಒಂದು ಉಸಿರು ಬಿಡತೈತೆ. ಅದು ಅಂಗೈಗೆ ತಿಳೀತೈತೆ. ಅವಾಗ ಏಳು ಅಂದ್ರೆ ಏಳತೈತೆ. ಕಬ್ಬಿಣಕ್ಕೂ ಮೈ ಅಂಬದು ಐತಲ್ರಿ?"

ಈ ಮಾತನ್ನು ಆ ದಿನದ ಪುಟದಲ್ಲಿ ಬರೆದು "ಅಜ್ಞಾನ" ಎಂದು ಕೆಂಪು ಶಾಯಿಯಲ್ಲಿ ಗುರುತು ಮಾಡಿದೆ. ಆ ಪುಟ ಈಗಲೂ ಇದೆ.

ತೊಂದರೆ ಶುರುವಾದದ್ದು ನಿಂಗಪ್ಪ ಸಾರಥಿ ಎಂಬ ಹಳ್ಳಿಗೆ ತಂಗಿಯ ಮಗಳ ಮದುವೆಗೆಂದು ಎರಡು ದಿನ ಹೋದಾಗ. ಎರಡು ದಿನವೂ ಕೆಂಪು ದೀಪ. ಅವನು ಬಂದ ದಿನ ಮೊದಲ ಸಲಕ್ಕೇ ಹಸಿರು. ನಾನು ಅದಕ್ಕೆ ಬೆಲೆ ಕೊಡಲಿಲ್ಲ. ಡಿಸೆಂಬರಿನಲ್ಲಿ ಅವನಿಗೆ ಜ್ವರ ಬಂದು ನಾಲ್ಕು ದಿನ ಬರಲಿಲ್ಲ. ನಾಲ್ಕು ದಿನವೂ, ದಿನಕ್ಕೆ ನಾಲ್ಕೈದು ಸಲ ಒತ್ತಿದರೂ, ಕೆಂಪು. ಐದನೇ ದಿನ ಕಂಬಳಿ ಹೊದ್ದುಕೊಂಡೇ ಬಂದ. ಹಸಿರು.

ಜ್ವರದ ಮೊದಲ ದಿನವೇ ಉಗ್ರಾಣದವರು ಗುಸುಗುಸು ಶುರುಮಾಡಿದ್ದರು. ನಾನು ಆಗಲೇ ಪುಸ್ತಕದಲ್ಲಿ ಹೊಸ ಪುಟ ತೆಗೆದು ನವೆಂಬರ್ ಮೊದಲಿನಿಂದ ಪಟ್ಟಿ ಮಾಡಿದೆ. ಒಂದು ಖಾನೆ ತಾರೀಖಿಗೆ, ಒಂದು ಯಂತ್ರ ಎದ್ದಿತೋ ಇಲ್ಲವೋ ಎಂಬುದಕ್ಕೆ, ಒಂದು ನಿಂಗಪ್ಪ ಹಾಜರೋ ಗೈರುಹಾಜರೋ ಎಂಬುದಕ್ಕೆ. ಉದ್ದೇಶ ಒಂದೇ: ಇದರ ಹಿಂದಿರುವ ಕ್ಷುಲ್ಲಕ ಕಾರಣವನ್ನು ಹಿಡಿದು ಗುಸುಗುಸು ಎನ್ನುವವರ ಬಾಯಿ ಮುಚ್ಚಿಸುವುದು.

ಕಾರಣಗಳಿಗೇನೂ ಬರವಿರಲಿಲ್ಲ. ಬೆಳಗಿನ ಹೊತ್ತು ಕರೆಂಟು ಕಡಿಮೆ ಇರಬಹುದೆಂದು ವೈರ್‌ಮನ್ನಿಂದ ಮೀಟರು ತರಿಸಿ ದಿನಾ ಅಳೆದೆ. ಹಸಿರು ಹತ್ತಿದ ದಿನಕ್ಕೂ ಕೆಂಪು ಹತ್ತಿದ ದಿನಕ್ಕೂ ವ್ಯತ್ಯಾಸ ಕಾಣಲಿಲ್ಲ. ಹೊಳೆ ಕಡೆಯ ತೇವ ಇರಬಹುದೆಂದು ಒಂದು ಗೈರುಹಾಜರಿಯ ದಿನ ಕೆಂಡದ ಬಾಂಡಲಿ ತಂದು ಕೋಣೆ ಒಣಗಿಸಿದೆ. ಕೆಂಪು. ಕೊನೆಗೆ ನನಗೆ ಹೊಳೆದದ್ದು, ಅಂಗೈ ಇಟ್ಟು ನಿಲ್ಲುವ ಹೊತ್ತಿನಲ್ಲಿ ವಾಲ್ವುಗಳು ಚೆನ್ನಾಗಿ ಕಾಯುತ್ತವೆ, ಅಷ್ಟೇ ಗುಟ್ಟು ಎಂದು. ಜ್ವರಕ್ಕೆ ಮುಂಚೆಯೇ ಒಮ್ಮೆ ಗಡಿಯಾರ ಹಿಡಿದು ನೋಡಿದ್ದೆ. ಅವನು ನಿಲ್ಲುವುದು ಮೂರರಿಂದ ನಾಲ್ಕು ನಿಮಿಷ. ಅವನ ಜ್ವರದ ಕೊನೆಯ ದಿನ ನಾನು ಮೂರು ನಿಮಿಷ ಕಾದೆ, ನಾಲ್ಕು ಕಾದೆ, ಹತ್ತು ಕಾದೆ, ಕಾಲು ಗಂಟೆ ಕಾದೆ. ನಾಲ್ಕು ಸಲವೂ ಕೆಂಪು. ಆ ದೀಪದಷ್ಟು ಉದ್ಧಟವಾದ ವಸ್ತುವನ್ನು ನಾನು ಬೇರೆ ಕಂಡಿಲ್ಲ.

ಜನವರಿಯ ಮೊದಲ ವಾರ ಬೆಂಗಳೂರಿನಿಂದ ಪದ್ಮನಾಭ ಎಂಬ ಮೆಕ್ಯಾನಿಕ್ ಬಂದ. ಬಂದವನೇ ಮೂಗಿಗೆ ಕರ್ಚೀಫು ಹಿಡಿದು "ಏನ್ರೀ ಇದು, ಹಳ್ಳಿ ಮುದುಕನ ಕೈಗೆ ಇಂಥಾ ಮೆಷೀನ್ ಕೊಟ್ಟಿದೀರಾ?" ಎಂದ. ತನ್ನ ಕೆಲಸ ಮುಗಿಯುವವರೆಗೆ ನಿಂಗಪ್ಪನನ್ನು ಗೇಟಿನಾಚೆ ಇಡಬೇಕೆಂದ. ಮೊದಲ ದಿನ ಒತ್ತಿದ. ಕೆಂಪು. ಹಿಂದಿನ ಹಲಗೆ ಬಿಚ್ಚಿ ಬಗ್ಗಿ ನೋಡಿದವನು ಗೆದ್ದ ದನಿಯಲ್ಲಿ ಕೂಗಿದ. ಒಳಗೆ ವಿದ್ಯುತ್ತು ಕೂಡಿ ಬಿಡುವ ಸಣ್ಣ ಸಣ್ಣ ತಗಡುಗಳ ಸಂದಿಯಲ್ಲಿ ಕುಂಕುಮ.

ನನಗೂ ಕುಣಿಯುವಷ್ಟು ಸಂತೋಷವಾಯಿತು. ಇಷ್ಟು ದಿನ ಹುಡುಕಿದ ಕ್ಷುಲ್ಲಕ ಕಾರಣ, ಅದೂ ಪೂಜೆಯಿಂದಲೇ ಬಂದದ್ದು. ಸಾಹೇಬರು ಕುಂಕುಮವನ್ನು ನೋಡಿ, ಕಿಟಕಿಯಿಂದ ಗೇಟಿನತ್ತ ನೋಡಿ, "ಆ ಮುದುಕಂದ ಇದು ಕೆಲಸ" ಎಂದರು. ಆಯುಧಪೂಜೆಯ ದಿನ ಕುಂಕುಮ ಹಾಕಿದ್ದು ಯಾರ ಕೈ ಎಂಬುದು ನನ್ನ ಜೇಬಿನಲ್ಲಿದ್ದ ಪುಸ್ತಕದಲ್ಲೇ ಇತ್ತು. ನಾನು ಬಾಯಿ ಬಿಡಲಿಲ್ಲ. ಇದನ್ನು ಇಲ್ಲಿ ಮುಚ್ಚಿಟ್ಟರೆ ಉಳಿದದ್ದನ್ನು ಬರೆಯುವ ಯೋಗ್ಯತೆ ನನಗಿಲ್ಲ.

ಪದ್ಮನಾಭ ಇಡೀ ದಿನ ಕೂತು ಸ್ಪಿರಿಟ್ಟಿನಲ್ಲಿ ಒಂದೊಂದನ್ನೂ ಒರೆಸಿದ. ಮರುದಿನ ಒತ್ತಿದ. ಕೆಂಪು. ಅದರ ಮರುದಿನ ಹನ್ನೆರಡು ವಾಲ್ವು ಬದಲಾಯಿಸಿ ಒತ್ತಿದ. ಕೆಂಪು. ಅವನ ಕರ್ಚೀಫು ಈಗ ಮೂಗು ಬಿಟ್ಟು ಹಣೆಗೆ ಹೋಗಿತ್ತು. ನಾಲ್ಕನೇ ದಿನ ಸಾಹೇಬರು ರೇಗಿ ನಿಂಗಪ್ಪನನ್ನು ಒಳಗೆ ಕರೆಸಿದರು. ಅವನು ಚಪ್ಪಲಿ ಬಿಟ್ಟ, ಅಂಗೈ ಇಟ್ಟ, ಹೇಳುವುದನ್ನು ಹೇಳಿದ, ಒತ್ತಿದ. ಹಸಿರು.

ಸೋತ ಮೆಕ್ಯಾನಿಕ್ ಹೇಳುವ ಮಾತು ಎಲ್ಲ ಊರಲ್ಲೂ ಒಂದೇ ಇರಬೇಕು. "ಮೆಷೀನ್ ಸರಿಯಾಗೇ ಇದೆ ಸಾರ್. ಯಾರೋ ಕೈಯಾಡಿಸ್ತಿದಾರೆ. ತಾನಿಲ್ಲದಾಗ ಏಳಬಾರದು ಅಂತ ಏನೋ ಮಾಡಿಟ್ಟು ಹೋಗ್ತಾನೆ. ಪರ್ಮನೆಂಟ್ ಆಗಬೇಕಲ್ಲ ಅವನಿಗೆ."

ಸಾಹೇಬರು ನನ್ನ ಕಡೆ ತಿರುಗಿ, "ನೀನು ಏನೇನೋ ಗೀಚ್ಕೋತ ಇರ್ತಿಯಲ್ಲ, ಇದರ ಲೆಕ್ಕ ಅದ ಏನು?" ಎಂದರು.

ಇತ್ತು. ಹೆಮ್ಮೆಯಿಂದ ಕೊಟ್ಟೆ. ಅಂದವಾಗಿ ಗೆರೆ ಎಳೆದ ಪಟ್ಟಿ. ಅರವತ್ತೊಂದು ಕೆಲಸದ ದಿನ. ನಿಂಗಪ್ಪ ಹಾಜರಿದ್ದದ್ದು ಐವತ್ತೆರಡು, ಎದ್ದದ್ದು ಐವತ್ತೆರಡು. ಗೈರುಹಾಜರಿದ್ದದ್ದು ಒಂಬತ್ತು, ಎದ್ದದ್ದು ಸೊನ್ನೆ. ಆರು ವರ್ಷದ ಕೆಳಗಿನ ನನ್ನ ಮುಖ ಈಗ ಎದುರಿಗೆ ಸಿಕ್ಕರೆ ಒಂದು ಬಾರಿಸುತ್ತೇನೆ. ಸಾಹೇಬರು ಪಟ್ಟಿಯನ್ನು ಎರಡು ಸಲ ಓದಿ, ಮಡಚಿ, ಫೈಲಿಗೆ ಸೇರಿಸಿ, ನಿಂಗಪ್ಪನನ್ನು ಮರುದಿನದಿಂದ ಬರಬೇಡವೆಂದರು. ಕೆಲಸದಿಂದ ತೆಗೆಯುವ ಕಾಗದವನ್ನು ಟೈಪು ಮಾಡಲು ಹೇಳಿದರು. ಕೋಣೆಗೆ ಬೀಗ ಹಾಕಿ ಅರಗಿನ ಮೊಹರು ಒತ್ತಿಸಿದರು.

ಆ ಸಂಜೆ ಹರಿಹರದ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದಾಗ ನಿಂಗಪ್ಪ ಬಂದು ನನ್ನ ಬೆಂಚಿನ ಪಕ್ಕ ನೆಲದ ಮೇಲೆ ಕೂತ.

"ಸ್ವಾಮಿ, ನನ್ನ ಹೆಸ್ರು ನಿಮ್ಮ ಬುಕ್ಕಿನಾಗ ಐತಂತೆ?"

"ಐತೆ."

"ಏನಂತ ಐತ್ರಿ?"

ಓದಿ ಹೇಳಿದೆ. ಅವನು ಬೆರಳು ಮಡಚುತ್ತಾ ಕೇಳಿ, ಕೊನೆಗೆ ತಲೆ ಆಡಿಸಿದ.

"ಸುಳ್ಳು ಏನಾರ ಬರದೀರಾ?"

"ಇಲ್ಲ."

"ಮತ್ತ್ಯಾಕ ಮಾರಿ ಸಣ್ಣದು ಮಾಡ್ಕಂಡೀರಿ? ದಿಟ ಬರದೋರು ನೆಟ್ಟಗೆ ಕೂಡ್ರಬೇಕಪ."

ಆಮೇಲೆ ಅವನೇ ಹೇಳಿದ, "ಹೊಲ ಕೊಟ್ಟು ಈ ಕೆಲ್ಸ ತಗಂಡೆ. ಮುಂದಿನ ತಿಂಗ್ಳು ಪರ್ಮನೆಂಟ್ ಮಾಡ್ತೀವಿ ಅಂದಿದ್ರು. ಇದೂ ಹೋತು ಅಂದ್ರೆ ಊರಾಗ ನಿಂತು ಆ ಕಾಂಪೌಂಡ್ ಗ್ವಾಡಿ ನೋಡ್ಕೋತ ಕೂಡ್ರಬೇಕೇನ್ರಿ ನಾನು?"

"ನಿಂಗಪ್ಪ, ನಿಜ ಹೇಳು. ನೀನು ಅದಕ್ಕೆ ಏನಾದರೂ ಮಾಡ್ತೀಯಾ?"

"ಅಂಗೈ ಇಡ್ತೀನಿ. ನೀವು ನೋಡೀರಲ್ಲ."

ರೈಲು ಮೂವತ್ತೈದು ನಿಮಿಷ ತಡವಾಗಿ ಬಂತು. ದಾರಿಯಲ್ಲಿ ನನಗೆ ಹೊಳೆದದ್ದು ಇಷ್ಟು: ಪಟ್ಟಿ ಅವನನ್ನು ಹಿಡಿದುಕೊಟ್ಟಿದ್ದು ಆ ಸೊನ್ನೆಯಿಂದ. ಅವನು ಇಲ್ಲದಾಗ ಯಂತ್ರ ಒಂದೇ ಒಂದು ಸಲ ಎದ್ದರೂ ಸಾಕು, ಆ ಸೊನ್ನೆ ಅಳಿಸುತ್ತದೆ. ಮೊಹರು ಹಾಕಿದ ಕೋಣೆಯಲ್ಲಿ ಅವನು ಹೊಸದಾಗಿ ಏನೂ ಮಾಡಿಡಲಾರ. ಹಳೆಯದೇನಾದರೂ ಇದ್ದರೆ ಪದ್ಮನಾಭ ಇನ್ನೊಮ್ಮೆ ಹುಡುಕಿ ತೆಗೆಯಲಿ. ಮರುದಿನ ಸಾಹೇಬರ ಮುಂದೆ ನಿಂತು ಒಂದು ಪರೀಕ್ಷೆ ಬೇಡಿದೆ. ಅವರು ಒಪ್ಪಿದ್ದು ನ್ಯಾಯಕ್ಕಾಗಿ ಅಲ್ಲ, ಯೂನಿಯನ್ನಿನವರು ಕೇಳಿದರೆ ತೋರಿಸಲು ಒಂದು ಕಾಗದ ಇರಲಿ ಎಂದು. ನಿಂಗಪ್ಪ ಅದರ ಮರುದಿನ ದಾವಣಗೆರೆಯ ನಮ್ಮ ಹೆಡ್ಡಾಫೀಸಿನಲ್ಲಿ, ಗುರುಶಾಂತ ಎಂಬ ಗುಮಾಸ್ತನ ಕಣ್ಣೆದುರಿಗೆ ಕೂತಿರಬೇಕು. ಇಲ್ಲಿ ಮೊಹರು ಒಡೆದು ಯಂತ್ರವನ್ನು ಎಬ್ಬಿಸಲು ನೋಡುವುದು. ಹತ್ತು ಗಂಟೆಯೊಳಗೆ ಎದ್ದರೆ ಅವನು ನಿರಪರಾಧಿ. ಏಳದಿದ್ದರೆ ಟೈಪಾದ ಕಾಗದಕ್ಕೆ ಸಹಿ.

ಆ ದಿನ ಶುಕ್ರವಾರ. ಒಂಬತ್ತಕ್ಕೆ ಮೊಹರು ಒಡೆದೆವು. ಕೋಣೆಯಲ್ಲಿ ಸಾಹೇಬರು, ಪದ್ಮನಾಭ, ನಾನು, ಮೂವರೇ. ಪದ್ಮನಾಭ ಹಲಗೆ ಬಿಚ್ಚಿ ಎಲ್ಲ ನೋಡಿದ. ತಂತಿಯ ಚೂರು ಕೂಡ ಹೊಸದಾಗಿ ಸಿಕ್ಕಲಿಲ್ಲ. ಒಂಬತ್ತು ಹದಿನೈದಕ್ಕೆ ಮೊದಲ ಸಲ ಒತ್ತಿದ. ಕೆಂಪು. ಒಂಬತ್ತು ಇಪ್ಪತ್ತೈದಕ್ಕೆ ಮತ್ತೆ. ಕೆಂಪು. ಒಂಬತ್ತು ಮೂವತ್ತೈದಕ್ಕೆ ಮೂರನೇ ಸಲ. ಕೆಂಪು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದು ಇಟ್ಟುಕೊಂಡರು. ಪದ್ಮನಾಭ ದೊಡ್ಡ ಸ್ವಿಚ್ಚು ಆರಿಸಿ, "ಇನ್ನೊಂದ್ಸಲ ಒತ್ತಿದ್ರೆ ವಾಲ್ವು ಹೋಗ್ತವೆ ಸಾರ್, ನಂದಲ್ಲ ಜವಾಬ್ದಾರಿ" ಎಂದು ಬೀಡಿ ಹಚ್ಚಿದ.

ಪಕ್ಕದಲ್ಲಿದ್ದ ಸಾಹೇಬರ ಕೋಣೆಯಲ್ಲಿ ಟೆಲಿಫೋನು ಗಣಗಣಿಸಿತು. ನಿಂಗಪ್ಪ ಅಲ್ಲೇ ಇದ್ದಾನೆಂದು ಖಾತ್ರಿ ಮಾಡಿಕೊಳ್ಳಲು ನಾನೇ ಬುಕ್ ಮಾಡಿದ್ದ ಟ್ರಂಕ್ ಕಾಲ್. ಓಡಿಹೋಗಿ ಎತ್ತಿಕೊಂಡೆ. ಗಡಿಯಾರದಲ್ಲಿ ಒಂಬತ್ತು ನಲವತ್ತೆರಡು.

"ಇಲ್ಲೇ ಕುಂತಾನಪ ನಿಮ್ಮ ದೇವ್ರು," ಎಂದ ಗುರುಶಾಂತ. "ಎರಡನೇ ಚಾ ಕುಡಿಯಾಕತ್ಯಾನೆ. ಮೇಜಿನ ಮ್ಯಾಲೆಲ್ಲ ಚೆಲ್ಯಾನೆ."

"ಅವನ ಕೈಗೆ ಕೊಡ್ರಿ."

ನಿಂಗಪ್ಪ ಜನ್ಮದಲ್ಲಿ ಟೆಲಿಫೋನು ಮುಟ್ಟಿದವನಲ್ಲ. ತಲೆಕೆಳಗು ಹಿಡಿದುಕೊಂಡನೆಂದು ಕಾಣುತ್ತದೆ. ಗುರುಶಾಂತ ಬೈಯುವುದು ಕೇಳಿಸಿತು. ಆಮೇಲೆ ಅವನ ದನಿ, ಹೊಲದಾಚೆಯವನನ್ನು ಕೂಗುವ ಹಾಗೆ.

"ಸ್ವಾಮೀ, ಎದ್ಲೇನ್ರಿ?"

"ಇಲ್ಲ. ಮೂರು ಸಲ ಆತು."

"ಯಾರು ಅಂಗೈ ಇಟ್ರು?"

"ಯಾರೂ ಇಟ್ಟಿಲ್ಲ."

"ನೀವು ಇಡ್ರಿ ಮತ್ತೆ. ನೀವು ದಿನಾ ನೋಡಿದೋರು."

ನಾನು ತೆರೆದ ಬಾಗಿಲಿನಿಂದ ಆಚೆ ನೋಡಿದೆ. ಸಾಹೇಬರ ಬೆನ್ನು ಕಾಣುತ್ತಿತ್ತು, ಪದ್ಮನಾಭನ ಬೀಡಿಯ ಹೊಗೆ ಕಾಣುತ್ತಿತ್ತು. ಅವರಿಬ್ಬರ ಎದುರಿಗೆ ನಾನು ಕಣ್ಣು ಮುಚ್ಚಿ ಕಬ್ಬಿಣದ ಮೇಲೆ ಕೈ ಇಟ್ಟು ನಿಲ್ಲುವುದನ್ನು ಊಹಿಸಿಕೊಂಡೆ.

"ನನ್ನ ಕೈಲಿ ಆಗಲ್ಲ, ನಿಂಗಪ್ಪ."

"ಯಾಕ್ರಿ?"

ಉತ್ತರ ಇದ್ದದ್ದು ಇಷ್ಟೇ: ಅವರು ನಗುತ್ತಾರೆ. ಒಬ್ಬನ ಕೆಲಸ ಹೋಗುವುದರಲ್ಲಿತ್ತು, ಅದೂ ನನ್ನ ಗೀಟುಗಳಿಂದ, ನಾನು ಇಬ್ಬರ ನಗುವಿಗೆ ಹೆದರಿ ನಿಂತಿದ್ದೆ. ಜೀವನದಲ್ಲಿ ಬಹಳ ಜನರನ್ನು ತಾತ್ಸಾರ ಮಾಡಿದ್ದೇನೆ. ಆ ಕ್ಷಣದ ನನ್ನಷ್ಟು ಯಾರನ್ನೂ ಮಾಡಿಲ್ಲ.

"ಹಂಗಾರೆ ಇರ್ರಿ ಸ್ವಾಮಿ," ಎಂದ ನಿಂಗಪ್ಪ. ಅಷ್ಟರಲ್ಲಿ ಮೂರು ನಿಮಿಷ ಮುಗಿದು ಆಪರೇಟರು ಲೈನು ಕತ್ತರಿಸಿದರು. ನಾನು ಟೆಲಿಫೋನು ಇಟ್ಟೆ. ಮೇಜಿನ ಮೇಲೆ ಟೈಪಾದ ಕಾಗದ ಇತ್ತು, ನಿಂಗಪ್ಪನ ಹೆಸರಿನ ಒಂದಕ್ಷರ ತಪ್ಪಾಗಿತ್ತು. ಅದನ್ನೇ ನೋಡುತ್ತ ಒಂದು ನಿಮಿಷದಷ್ಟು ನಿಂತಿರಬೇಕು. ಆಗ ಪಕ್ಕದ ಕೋಣೆಯಲ್ಲಿ ಟಕಟಕ ಎಂದು ಸದ್ದಾಯಿತು. ಮೋಟಾರು ತಿರುಗಿತು.

ಹೋಗಿ ನೋಡಿದರೆ ಹಸಿರು ದೀಪ. ಕಾರ್ಡುಗಳು ಒಂದರ ಹಿಂದೆ ಒಂದು ಒಳಗೆ ಹೋಗುತ್ತಿದ್ದವು. ಅಚ್ಚಾದ ಕಾಗದ ಹೊರಗೆ ಬರುತ್ತಿತ್ತು. ಒಂಬತ್ತು ನಲವತ್ತಾರು. ಅದನ್ನು ಬರೆದುಕೊಂಡೆ.

"ಸಾರ್, ಹೇಳ್ದೆ ಒತ್ತಿಬಿಟ್ರಲ್ಲ," ಎಂದ ಪದ್ಮನಾಭ. ಅವನು ಯಂತ್ರದ ಹಿಂದೆ ಬಗ್ಗಿ ಸಾಮಾನು ಚೀಲಕ್ಕೆ ತುಂಬುತ್ತಿದ್ದನಂತೆ.

"ನಾ ಎಲ್ಲಿ ಒತ್ತಿದೆ? ನೀನೇ ಅಲ್ಲೇನು?" ಎಂದರು ಸಾಹೇಬರು. ಅವರು ಕಿಟಕಿಯ ಹತ್ತಿರ, ಯಂತ್ರದಿಂದ ಆರು ಹೆಜ್ಜೆ ದೂರ ನಿಂತಿದ್ದರು.

"ಸ್ವಿಚ್ಚೇ ಆರ್ಸಿದ್ನಲ್ಲ ಸಾರ್!"

ದೊಡ್ಡ ಸ್ವಿಚ್ಚಿನ ಹಿಡಿ ಮೇಲಿತ್ತು, ಅಂದರೆ ಹಾಕಿದ ಸ್ಥಿತಿಯಲ್ಲಿತ್ತು. ಪದ್ಮನಾಭ ಅದನ್ನು ಆರಿಸಿದ್ದನ್ನು ನಾನು ಕಂಡಿದ್ದೆ, ಅಥವಾ ಕಂಡಿದ್ದೆ ಎಂದುಕೊಂಡಿದ್ದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೊನೆಗೆ ಇಬ್ಬರೂ ನನ್ನ ಮುಖ ನೋಡಿದರು. ನಾನು ಪಕ್ಕದ ಕೋಣೆಯಲ್ಲಿದ್ದೆ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಇಬ್ಬರಲ್ಲೊಬ್ಬರು ಮರೆತು ಒತ್ತಿರುತ್ತಾರೆ ಎಂದು ಪುಟ ತಿರುವುತ್ತಿದ್ದೆ. ಹತ್ತೂ ಹತ್ತಕ್ಕೆ ಟೆಲಿಫೋನು ಮತ್ತೆ ಗಣಗಣಿಸಿತು. ಗುರುಶಾಂತ. ದೂರು ಹೇಳಲು ಅರ್ಜೆಂಟ್ ಕಾಲ್ ಮಾಡಿದ್ದ. ಸಾಹೇಬರೇ ಎತ್ತಿಕೊಂಡರು. ಅವನು ಕಿರುಚುತ್ತಿದ್ದುದು ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು.

"ಆ ಮುದುಕ ಎದ್ದು ಹೋದ ಸಾಹೇಬ್ರ! ನಾ ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ಅಲ್ರಿ, ಲೈನ್ ಕಟ್ಟಾದ್ರೂ ಅವ್ನಿಗೆ ಗೊತ್ತಾಗ್ಲಿಲ್ಲ. ಟೆಲಿಫೋನ್ ಕಿವಿಗಿಟ್ಕಂಡು, ನನ್ನ ಮೇಜಿನ ಮ್ಯಾಲೆ ಚಾ ಚೆಲ್ಲಿದ್ದನ್ನ ಒರೆಸಿ, ಅಂಗೈ ಇಟ್ಟು, ಕಣ್ಣು ಮುಚ್ಚಿ ನಿಂತ. ಏಳವ್ವಾ ಹೊತ್ತೇರ್ತು ಅಂದ. ನಾನು ನಗಾಕತ್ತಿದ್ದೆ. ಆಮ್ಯಾಲೆ ಟೆಲಿಫೋನ್ ಕೆಳಗಿಟ್ಟು, 'ಎದ್ಲು ಬಿಡ್ರಿ, ನಾ ಇನ್ನ ಹೋಗ್ತೀನಿ, ಕೆಲ್ಸ ಐತೆ' ಅಂದು ಚಪ್ಪಲಿ ಮೆಟ್ಕಂಡು ಸ್ಟೇಷನ್ ದಾರಿ ಹಿಡ್ದ. ಮಿಷನ್ ಎದ್ದಿಲ್ಲ ಅಲ್ರಿ ಇನ್ನೂ?"

ಸಾಹೇಬರು ಟೆಲಿಫೋನು ಇಟ್ಟರು. ಪಕ್ಕದ ಕೋಣೆಯಲ್ಲಿ ಯಂತ್ರ ಓಡುತ್ತಲೇ ಇತ್ತು.

ನಿಂಗಪ್ಪನಿಗೆ ಕೆಲಸ ಉಳಿಯಿತು. ಮುಂದಿನ ತಿಂಗಳು ಖಾಯಂ ಕೂಡ ಆಯಿತು. ಅದಕ್ಕೆ ಒಂದು ಹೇಳಿಕೆ ಬೇಕಾಗಿತ್ತು. "ನಿಂಗಪ್ಪ ಗೈರುಹಾಜರಿದ್ದಾಗ ಯಂತ್ರ ಚಾಲೂ ಆಯಿತು" ಎಂದು. ಸಾಹೇಬರು ಬರೆಸಿದರು, ನಾನು ಸಹಿ ಹಾಕಿದೆ. ಸಂತೋಷದಿಂದಲೇ ಹಾಕಿದೆ.

ಆಮೇಲೆ ವಿವರಣೆ ಕೊಡುವವರ ಸಂತೆ ನೆರೆಯಿತು. ಉಗ್ರಾಣದವರು ಮರುದಿನವೇ ತೆಂಗಿನಕಾಯಿ ತಂದು, ಆ ಯಂತ್ರದಲ್ಲಿ ಅಮ್ಮ ಇದ್ದಾಳೆಂದು ಅಡ್ಡಬೀಳಲು ಬಂದರು. ಅವರನ್ನು ಹೊರಗೆ ಅಟ್ಟಿದೆ. ನಿಂಗಪ್ಪನೂ ಅಟ್ಟಿದ, ಧೂಳು ತರುತ್ತಾರೆಂದು ಅವನ ಸಿಟ್ಟು. ಪದ್ಮನಾಭ ಮೂರು ಸಲ ಕಾಯಿಸಿದ್ದರಿಂದ ಒಳಗಿನ ತೇವ ಆರಿತೆಂದ. ಹಿಂದೆ ಒಂದೇ ದಿನ ಐದು ಸಲ ಕಾಯಿಸಿದಾಗ ಯಾಕೆ ಆರಲಿಲ್ಲ ಎಂದು ಕೇಳಿದ್ದಕ್ಕೆ ಬೆಂಗಳೂರಿನ ರೈಲಿಗೆ ಹೊತ್ತಾಯಿತೆಂದ. ಸಾಹೇಬರು, ಮುದುಕನಿಗೆ ಅಲ್ಲಿಂದ ತಪ್ಪಿಸಿಕೊಳ್ಳಬೇಕಿತ್ತು, ಬಾಯಿಗೆ ಬಂದದ್ದು ಹೇಳಿ ಹೋದ ಎಂದರು. ಇರಬಹುದು. ಒಂದೊಂದಕ್ಕೂ ಒಂದೊಂದು ಉತ್ತರ ಇದೆ. ಆ ಉತ್ತರಗಳೆಲ್ಲ ಸೇರಿ ಒಂಬತ್ತು ನಲವತ್ತಾರಕ್ಕೇ ಏಕೆ ಬಂದವೆಂದು ಕೇಳಿದರೆ ಮಾತ್ರ ಎಲ್ಲರಿಗೂ ಬೇರೆ ಕೆಲಸ ಇರುತ್ತದೆ.

ನಿಂಗಪ್ಪನನ್ನೇ ಕೇಳಿದೆ. ಎದ್ದಳೆಂದು ನಿನಗೆ ಹೇಗೆ ತಿಳಿಯಿತು, ಅಲ್ಲಿ ನೀನು ಕೈ ಇಟ್ಟದ್ದು ಕಟ್ಟಿಗೆಯ ಮೇಜಿನ ಮೇಲಲ್ಲವೇ ಎಂದೆ.

"ಉಸಿರು ಬಿಟ್ಲಲ್ರಿ," ಎಂದ ಅವನು, ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ. "ಬರಕೊಳ್ಳೋರು ನೀವು. ನನ್ನ ಯಾಕ ಕೇಳ್ತೀರಿ?"

ಇನ್ನೊಂದು ಸಂಗತಿ ಯಾರಿಗೂ ಹೇಳಿಲ್ಲ. ಅದಾದ ಎರಡು ತಿಂಗಳಿಗೆ ನಿಂಗಪ್ಪ ಒಂದು ದಿನ ರಜೆ ಹಾಕಿದ. ನಾನು ಬೇಗ ಹೋಗಿ, ಬಾಗಿಲು ಮುಚ್ಚಿ, ಚಪ್ಪಲಿ ಬಿಟ್ಟು, ಯಂ​ತ್ರದ ಎಡಮಗ್ಗುಲಿಗೆ ಅಂಗೈ ಇಟ್ಟು ನಾಲ್ಕು ನಿಮಿಷ ನಿಂತೆ. ಹೇಳಬೇಕಾದ ಮಾತನ್ನೂ ಹೇಳಿದೆ, ಎಷ್ಟು ಮೆಲ್ಲಗೆ ಎಂದರೆ ನನಗೇ ಕೇಳಿಸಲಿಲ್ಲ. ಅಂಗೈಗೆ ತಿಳಿದದ್ದು ತಗಡಿನ ತಂಪು ಮಾತ್ರ. ಒತ್ತಿದೆ. ಕೆಂಪು. "ಗೈರುಹಾಜರು, ಏಳಲಿಲ್ಲ" ಎಂದು ಬರೆದುಕೊಂಡು ಚಪ್ಪಲಿ ಹಾಕಿಕೊಂಡೆ.

ಈಗ ನಾನು ಬೇರೆ ಕಡೆ ಕೆಲಸದಲ್ಲಿದ್ದೇನೆ. ಆ ಯಂತ್ರ ಹಳತಾಗಿ ಹೋಯಿತೆಂದು ಕೇಳಿದೆ. ಪಟ್ಟಿಯ ಮೂಲ ಪ್ರತಿ ನನ್ನ ಹತ್ತಿರವೇ ಇದೆ. ಸಾಹೇಬರ ಫೈಲಿನಿಂದ ಕೇಳಿ ವಾಪಸು ತಂದೆ. ಆ ಶುಕ್ರವಾರದ ಸಾಲಿನಲ್ಲಿ ತಾರೀಖು ಇದೆ. ಎದ್ದಿತು ಎಂಬ ಗುರುತು ಇದೆ. ಸಮಯ ಕೂಡ ಇದೆ. ಮೂರನೆಯ ಖಾನೆಯಲ್ಲಿ ನಿಂಗಪ್ಪ ಹಾಜರು ಅಥವಾ ಗೈರುಹಾಜರು, ಎರಡರಲ್ಲೊಂದು ಬರೆಯಬೇಕು. ಸಾಹೇಬರ ಕಾಗದದ ಮೇಲೆ ಗೈರುಹಾಜರು ಎಂದು ಸಹಿ ಹಾಕಿದ ಕೈಯೇ ಇದು. ವರ್ಷಕ್ಕೆ ಒಂದೆರಡು ಸಲವಾದರೂ ಆ ಪುಟ ತೆಗೆದು ಪೆನ್ನು ಹಿಡಿದು ಕೂರುತ್ತೇನೆ. ನಿನ್ನೆಯೂ ಕೂತಿದ್ದೆ. ಆ ಖಾನೆ ಖಾಲಿ ಇದೆ.